ಕೊನೆಯ ಒಂದಿಂಚು

ಎಲ್‌ಪಿ ರೆಕಾರ್ಡ್ ಕೇಳುವ ಹುಚ್ಚಿನವರಲ್ಲಿ ಒಂದು ಗಟ್ಟಿ ನಂಬಿಕೆಯಿದೆ. ಕಾರ್ಟ್ರಿಜ್ ಎಂಬುದು ಏಣಿಯ ಮೆಟ್ಟಿಲು, ದುಡ್ಡು ಹಾಕಿದಷ್ಟೂ ಮೇಲೆ ಹೋಗುತ್ತೀರಿ ಅಂತ. ಹತ್ತು ಸಾವಿರದ್ದಕ್ಕಿಂತ ಇಪ್ಪತ್ತು ಸಾವಿರದ್ದು ಮೇಲು, ಅದಕ್ಕಿಂತ ಲಕ್ಷದ್ದು ಇನ್ನೂ ಮೇಲು. ಹೋದ ಚಳಿಗಾಲದಲ್ಲಿ ನಾನೂ ಹೊಸ ಕಾರ್ಟ್ರಿಜ್ ಆರಿಸಬೇಕಾಗಿ ಬಂತು. ಆಗ ನನಗೆ ಅನಿಸಿದ್ದೆಂದರೆ, ಈ ಏಣಿಯನ್ನು ಗೋಡೆಗೆ ಒರಗಿಸಿದವರು ಯಾರೂ ಖಯಾಲ್ ಕೇಳಿದವರಲ್ಲ.

ಗೊತ್ತಿಲ್ಲದವರಿಗೆ ಒಂದು ಮಾತು. ಟರ್ನ್‌ಟೇಬಲ್ಲಿನ ತೋಳಿನ ತುದಿಯಲ್ಲಿ ಬೆಂಕಿಪೊಟ್ಟಣಕ್ಕಿಂತ ಚಿಕ್ಕದಾದ ಒಂದು ಡಬ್ಬಿ ಇರುತ್ತದೆ, ಅದೇ ಕಾರ್ಟ್ರಿಜ್. ಅದರ ಕೆಳಗೆ ಕೂದಲಿನಂಥ ಒಂದು ಕಡ್ಡಿ, ಕಡ್ಡಿಯ ತುದಿಗೆ ವಜ್ರದ ಮುಳ್ಳು. ಮುಳ್ಳು ರೆಕಾರ್ಡಿನ ಗೆರೆಯಲ್ಲಿ ಓಡುತ್ತ ಅಲುಗಾಡಿದರೆ ಕಡ್ಡಿಯ ಇನ್ನೊಂದು ತುದಿಯ ಅಯಸ್ಕಾಂತವೂ ಅಲುಗುತ್ತದೆ, ಪಕ್ಕದ ತಂತಿಸುರುಳಿಯಲ್ಲಿ ನಾಲ್ಕೈದು ಮಿಲಿವೋಲ್ಟ್ ವಿದ್ಯುತ್ ಹುಟ್ಟುತ್ತದೆ. ಉಳಿದದ್ದೆಲ್ಲ ಆಂಪ್ಲಿಫೈಯರ್ ಕೆಲಸ. ಅಪ್ಪನ ಕಾಲದಲ್ಲಿ ಇದಕ್ಕೆಲ್ಲ ಸೇರಿಸಿ 'ಮುಳ್ಳು' ಅಂತಲೇ ಕರೆಯುತ್ತಿದ್ದರು. ನಾನೂ ಹಾಗೇ ಕರೆಯುತ್ತೇನೆ.

ನಾವಿರುವುದು ಸಿಲ್ಲೋಡಿನಲ್ಲಿ. ಛತ್ರಪತಿ ಸಂಭಾಜಿನಗರದಿಂದ ಅಜಂತಾಕ್ಕೆ ಹೋಗುವ ದಾರಿಯಲ್ಲಿ ಸಿಗುವ ತಾಲೂಕು ಊರು. ಪ್ರವಾಸಿಗಳು ಇಲ್ಲಿ ಚಹಾಕ್ಕೆ ನಿಲ್ಲುತ್ತಾರೆ, ಅಷ್ಟೆ. ಹೆಂಡತಿ ಬ್ಯಾಂಕಿನಲ್ಲಿ ಅಧಿಕಾರಿ, ಎರಡು ವರ್ಷದ ಹಿಂದೆ ಇಲ್ಲಿಗೆ ವರ್ಗವಾಯಿತು. ನಾನು ಪುಣೆಯ ಕಂಪನಿಯ ಪ್ರಾಜೆಕ್ಟುಗಳನ್ನು ಇಲ್ಲಿಯ ಬಾಡಿಗೆ ಮನೆಯ ಮಾಳಿಗೆಯಿಂದಲೇ ನಡೆಸುತ್ತೇನೆ. ಅವ್ವ ನಮ್ಮ ಜೊತೆಗಿದ್ದಾಳೆ. ಕವಿರಾಜಮಾರ್ಗಕಾರ ಕನ್ನಡ ನಾಡಿನ ಗಡಿಯನ್ನು ಗೋದಾವರಿಗೆ ನಿಲ್ಲಿಸಿದ. ನಾವು ಅದನ್ನೂ ದಾಟಿ ಉತ್ತರಕ್ಕೆ ಬಂದು ಕೂತಿದ್ದೇವೆ. ವೆರೂಳಿನ ಕೈಲಾಸವನ್ನು ಕೊರೆಸಿದ ರಾಷ್ಟ್ರಕೂಟರನ್ನು ಬಿಟ್ಟರೆ ಈ ಸೀಮೆಯಲ್ಲಿ ನಮಗೆ ಹೇಳಿಕೊಳ್ಳಲು ಬೇರೆ ನೆಂಟರಿಲ್ಲ. ಇದ್ದಾರೆ, ಒಬ್ಬರಿದ್ದಾರೆ: ಭೀಮಸೇನ ಜೋಶಿ. ಆದರೆ ಪಕ್ಕದ ಮನೆಯ ನಿವೃತ್ತ ಮಾಸ್ತರರು ಅವರನ್ನು ನಮಗೆ ಬಿಟ್ಟುಕೊಡಲು ತಯಾರಿಲ್ಲ. "ಪಂಡಿತಜೀ ತರ್ ಆಮಚೇಚ್" ಎನ್ನುತ್ತಾರೆ, ಅವರು ನಮ್ಮವರೇ ಅಂತ. ಅವ್ವ ದಾಸವಾಣಿಯ ರೆಕಾರ್ಡ್ ಹಚ್ಚಿಸಿ ಕೇಳಿಸಿದ ಮೇಲೆ ಅರ್ಧ ಪಾಲಿಗೆ ಒಪ್ಪಿದ್ದಾರೆ.

ರೆಕಾರ್ಡುಗಳು ಅಪ್ಪನವು. ಎಪ್ಪತ್ತರ ಹತ್ತಿರ ಎಲ್‌ಪಿ, ಒಂದಿಷ್ಟು 78ರ ಅರಗಿನ ಪ್ಲೇಟುಗಳು. ಮಲ್ಲಿಕಾರ್ಜುನ ಮನಸೂರ, ಗಂಗೂಬಾಯಿ ಹಾನಗಲ್, ಬಸವರಾಜ ರಾಜಗುರು, ಕುಮಾರ ಗಂಧರ್ವ, ಭೀಮಸೇನ. ಧಾರವಾಡದ ಹೈಸ್ಕೂಲು ಮಾಸ್ತರರ ಸಂಬಳದಲ್ಲಿ ತಿಂಗಳಿಗೊಂದು ಕೊಂಡದ್ದಲ್ಲ, ದೀಪಾವಳಿಗೊಂದು, ಯುಗಾದಿಗೊಂದು. ನುಡಿಸುತ್ತಿದ್ದದ್ದು ಸೂಟ್‌ಕೇಸಿನಂತೆ ಮುಚ್ಚುವ ಪ್ಲೇಯರಿನಲ್ಲಿ. ಆ ಕಾಲದ ಅಂಥ ಪ್ಲೇಯರುಗಳಲ್ಲಿ ಸೆರಾಮಿಕ್ ಕಾರ್ಟ್ರಿಜ್ ಇರುತ್ತಿತ್ತು, ಗೆರೆಯ ಮೇಲೆ ಐದಾರು ಗ್ರಾಂ ಭಾರ ಹಾಕುತ್ತಿತ್ತು. ಮುಳ್ಳು ಜಿಗಿದರೆ ಎಲ್ಲರ ಮನೆಯಲ್ಲೂ ಇದ್ದ ಉಪಾಯ ನಮ್ಮ ಮನೆಯಲ್ಲೂ ಇತ್ತು, ತೋಳಿನ ಮೇಲೊಂದು ನಾಕಾಣೆ. ಆಗಿನ ಇಪ್ಪತ್ತೈದು ಪೈಸೆಯ ತೂಕ ಎರಡೂವರೆ ಗ್ರಾಂ. ಇವತ್ತಿನ ಹೆಚ್ಚಿನ ಕಾರ್ಟ್ರಿಜ್‌ಗಳು ಕೇಳುವ ಒಟ್ಟು ಭಾರವೇ ಎರಡು ಗ್ರಾಂ ಆಸುಪಾಸು. ಅಪ್ಪನಿಗೆ ಪ್ರಿಯವಾದ ರೆಕಾರ್ಡು ಯಾವುದು ಅಂತ ಕೇಳಬೇಕಾಗಿಲ್ಲ, ಬೆಳಕಿಗೆ ಹಿಡಿದರೆ ಸಾಕು. ಹೆಚ್ಚು ಪ್ರೀತಿಸಿದ್ದು ಹೆಚ್ಚು ಬೂದಿಬಣ್ಣಕ್ಕೆ ತಿರುಗಿದೆ.

ನನ್ನ ಟರ್ನ್‌ಟೇಬಲ್ ಟೆಕ್ನಿಕ್ಸ್ ಎಸ್‌ಎಲ್-1200ರ ನಾಲ್ಕನೆಯ ಅವತಾರ, 78ರ ವೇಗವೂ ಇರುವಂಥದ್ದು. 2012ರಲ್ಲಿ ಜಪಾನಿಗೆ ಆನ್‌ಸೈಟ್ ಹೋದಾಗ ಸೆಕೆಂಡ್‌ಹ್ಯಾಂಡ್ ಕೊಂಡು ಬಟ್ಟೆಗಳ ನಡುವೆ ಸುತ್ತಿ ತಂದೆ. 100 ವೋಲ್ಟಿನ ಯಂತ್ರ, ಆದ್ದರಿಂದ ಟ್ರಾನ್ಸ್‌ಫಾರ್ಮರ್ ಬೇಕು. ವೇಗವನ್ನು ಕ್ವಾರ್ಟ್ಜ್ ಹರಳು ಹಿಡಿದಿಡುವುದರಿಂದ ಸಿಲ್ಲೋಡಿನ ಕರೆಂಟು ಎಷ್ಟೇ ಏರಿಳಿದರೂ ಷಡ್ಜ ಅಲ್ಲಾಡುವುದಿಲ್ಲ. ಅದರ ಜೊತೆ ಬಂದಿದ್ದದ್ದು ಶೂರ್ ಎಂ44. ಶೂರ್ ಕಂಪನಿ 2018ರಲ್ಲಿ ಕಾರ್ಟ್ರಿಜ್ ತಯಾರಿಕೆಯನ್ನೇ ನಿಲ್ಲಿಸಿತು. ನನ್ನ ಮುಳ್ಳು ಸವೆಯಿತು. ಅಸಲಿ ಮುಳ್ಳು ಸಿಗದು. ಜಪಾನಿನ ಜಿಕೊ ಕಂಪನಿಯವರು ಬದಲಿ ಮುಳ್ಳು ಮಾಡುತ್ತಾರೆ, ಒಳ್ಳೆಯದೇ. ಆದರೆ ಹೇಗೂ ಬದಲಿಸಬೇಕು ಅಂದಮೇಲೆ ಪೂರ್ತಿ ಯೋಚಿಸಿ ಬದಲಿಸೋಣ ಎನಿಸಿತು.

ವೃತ್ತಿಯ ಚಟ, ಎಕ್ಸೆಲ್ ಶೀಟ್ ತೆರೆದೆ. ಹನ್ನೊಂದು ಕಾರ್ಟ್ರಿಜ್, ಒಂಬತ್ತು ಕಾಲಂ. ಮಗ ಹಿಂದಿನಿಂದ ಇಣುಕಿ, "ಇದೆಲ್ಲ ಸ್ಪಾಟಿಫೈನಲ್ಲಿ ಇದೆಯಲ್ಲಪ್ಪ" ಅಂದ. ಎಲ್ಲವೂ ಇಲ್ಲ, ಇದ್ದರೂ ಅವ್ವನಿಗೆ ಫೋನಿನ ಗಾಜಿನ ಮೇಲೆ ಬೆರಳಾಡಿಸಿ ಹುಡುಕುವ ಉಸಾಬರಿ ಬೇಡ. ಟರ್ನ್‌ಟೇಬಲ್ಲಿನ ಲಿವರ್ ಎತ್ತಿ ಇಳಿಸುವುದು ಅವಳಿಗೆ ಬರುತ್ತದೆ. ನಮ್ಮ ಕೆಲಸದಲ್ಲಿ ಮೊದಲು ಕೇಳುವ ಪ್ರಶ್ನೆ, ಯೂಸರ್ ಯಾರು? ಇಲ್ಲಿ ಯೂಸರ್ ಅವ್ವ. ಎಪ್ಪತ್ತೆಂಟು ವರ್ಷ, ಎರಡೂ ಕಿವಿಗೆ ಯಂತ್ರ.

ಸಂಭಾಜಿನಗರದ ಕಿವಿ ಡಾಕ್ಟರು ಕೊಟ್ಟ ಗ್ರಾಫ್ ಮೇಜಿನ ಮೇಲಿತ್ತು. 2,000 ಹರ್ಟ್ಜ್ ತನಕ ಗೆರೆ ಸುಮಾರಾಗಿ ಸಮ, ಅಲ್ಲಿಂದಾಚೆ ಘಾಟು ಇಳಿದಂತೆ ಇಳಿಜಾರು. ಕಾರ್ಟ್ರಿಜ್ ಡಬ್ಬಿಯ ಮೇಲೆ 25,000 ಹರ್ಟ್ಜ್ ಅಂತ ಹೆಮ್ಮೆಯಿಂದ ಬರೆದಿರುತ್ತಾರೆ. ಅದು ಅವಳಿಗೆ ಬೇಡ, ನಲವತ್ತಾರರ ನನ್ನ ಕಿವಿಗೂ ಅದರಲ್ಲಿ ಅರ್ಧ ಮುಟ್ಟುವುದಿಲ್ಲ. ಆ ಕಾಲಂ ಅಳಿಸಿದೆ. "ನಿನಗೇನು ಬೇಕವ್ವಾ?" ಅಂತ ಕೇಳಿದ್ದಕ್ಕೆ ಅವಳು ಹೇಳಿದ್ದು ಎರಡೇ ಮಾತು. "ಯಂತ್ರ ಹಾಕ್ಕೊಂಡರ ಹಾಡಿಗಿಂತ ಮೊದಲ ಆ ಚಟಪಟನ ಕೇಳತೈತಿ. ಮತ್ತ ಕಡೀಕ ಬರ್ತಾ ಬರ್ತಾ ತಂಬೂರಿ ಎಲ್ಲಿ ಹೋಗತೈತೋ ತಿಳೀವಲ್ದು."

ಅವ್ವ ಮದುವೆಗೆ ಮುಂಚೆ ಎರಡು ವರ್ಷ ಹಾಡು ಕಲಿತವಳು. ಕಲಿತದ್ದಕ್ಕಿಂತ ತಂಬೂರಿ ಮೀಟಿದ್ದೇ ಹೆಚ್ಚು ಅನ್ನುತ್ತಾಳೆ. ಹಾಗಾಗಿ ಅವಳ ಎರಡನೆಯ ದೂರನ್ನು ನಾನು ವಯಸ್ಸಿನ ಮಾತು ಅಂತ ಬದಿಗಿಡಲಿಲ್ಲ. ರೆಕಾರ್ಡಿನ ಕೊನೆಗೆ ತಂಬೂರಿ ನಿಜಕ್ಕೂ ಎಲ್ಲೋ ಹೋಗುತ್ತದೆ. ಅದಕ್ಕೆ ಕಾರಣ ಜಾಮಿತಿ.

ಎಲ್‌ಪಿ ನಿಮಿಷಕ್ಕೆ 33⅓ ಸಲ ಸುತ್ತುತ್ತದೆ, ಅಂಚಿನಲ್ಲಿದ್ದರೂ ನಡುವಿನಲ್ಲಿದ್ದರೂ ಅಷ್ಟೇ. ಆದರೆ ಅಂಚಿನ ಸುತ್ತು ದೊಡ್ಡದು, ಒಳಗಿನದು ಚಿಕ್ಕದು. ಹೊರಗಿನ ಗೆರೆ ಮುಳ್ಳಿನ ಕೆಳಗೆ ಸೆಕೆಂಡಿಗೆ ಸುಮಾರು 51 ಸೆಂಟಿಮೀಟರ್ ಹಾದುಹೋದರೆ ಕೊನೆಯ ಗೆರೆ ಬರೀ 21 ಸೆಂಟಿಮೀಟರ್. ಅಂದರೆ ಅದೇ ಸ್ವರವನ್ನು ಒಳಗೆ ಅರ್ಧಕ್ಕೂ ಕಡಿಮೆ ಜಾಗದಲ್ಲಿ ಒತ್ತಿ ಬರೆದಿರುತ್ತದೆ. 10,000 ಹರ್ಟ್ಜಿನ ಒಂದು ಅಲೆಗೆ ಅಂಚಿನಲ್ಲಿ 51 ಮೈಕ್ರಾನ್ ಜಾಗ, ಕೊನೆಯಲ್ಲಿ 21. ಸಾಮಾನ್ಯ ಗುಂಡುಮೊನೆಯ ಮುಳ್ಳಿನ ತ್ರಿಜ್ಯವೇ 15ರಿಂದ 18 ಮೈಕ್ರಾನ್. ಎತ್ತಿನಗಾಡಿ ಕಾಲುದಾರಿಯ ತಿರುವಿನಲ್ಲಿ ಹೋದಂತೆ. ತಿರುವು ಹಿಡಿಯದೆ ಬದುವನ್ನೇ ಉಜ್ಜಿಕೊಂಡು ಹೋಗುತ್ತದೆ. ಕೇಳುವವರಿಗೆ ಅದು ಕರ್ಕಶವಾಗಿ, ಸೀಳಿದ ಹಾಗೆ ಕೇಳುತ್ತದೆ. ಸೀಳುದನಿಯ ಆ ಕಸ ಕೆಳಗಿನ ಕಂಪನಗಳಿಗೂ ಹರಡುವುದರಿಂದ ಅವ್ವನ ಗ್ರಾಫಿನ ಒಳಗೂ ಬಂದು ಬೀಳುತ್ತದೆ. ತಂಬೂರಿಯ ಜವಾರಿಯಿಂದ ಏಳುವ ಮೇಲುಸ್ವರಗಳ ನವಿರು ಮೊದಲು ಸಾಯುತ್ತದೆ.

ಈಗ ಖಯಾಲ್ ಹೇಗೆ ನಡೆಯುತ್ತದೆ ನೋಡಿ. ಒಂದು ಬದಿಗೆ ಇಪ್ಪತ್ತು ಚಿಲ್ಲರೆ ನಿಮಿಷ. ವಿಲಂಬಿತ ಶುರುವಾಗುವುದು ಅಂಚಿನಲ್ಲಿ, ಎಲ್ಲಿ ಜಾಗ ಧಾರಾಳವಾಗಿದೆಯೋ ಅಲ್ಲಿ, ಒಂದೊಂದೇ ಸ್ವರ, ಬೇಕಾದಷ್ಟು ಪುರುಸೊತ್ತು. ಲಯ ಏರುತ್ತ ಏರುತ್ತ ದ್ರುತ್ ಬರುವಷ್ಟರಲ್ಲಿ, ತಾನುಗಳು ಸಿಡಿಯುವಷ್ಟರಲ್ಲಿ ಮುಳ್ಳು ಲೇಬಲ್ಲಿನ ಹತ್ತಿರ ಬಂದಿರುತ್ತದೆ. ಎಲ್ಲಿ ಅತಿ ಹೆಚ್ಚು ಬರೆಯಬೇಕೋ ಅಲ್ಲಿ ಅತಿ ಕಡಿಮೆ ಕಾಗದ! ಸಿನಿಮಾ ಹಾಡಿನ ಎಲ್‌ಪಿಯಲ್ಲಾದರೆ ಕೊನೆಗೆ ಒಂದು ನಿಧಾನದ ಹಾಡು ಇಟ್ಟು ಪಾರಾಗಬಹುದು. ಖಯಾಲಿಗೆ ಆ ಸವಲತ್ತಿಲ್ಲ. ಭೀಮಸೇನರ ತಾನು ಸರಿಯಾಗಿ ಆ ಕೊನೆಯ ಒಂದಿಂಚಿನಲ್ಲಿ ಬರುತ್ತದೆ. ಮನಸೂರರದು ಇನ್ನೊಂದು ಫಜೀತಿ. ಜಯಪುರ-ಅತ್ರೌಳಿಯ ಗಾಯಕಿ, ಮಂಜೀಖಾನ್ ಮತ್ತು ಬುರ್ಜೀಖಾನರ ತಾಲೀಮು. ಮಧ್ಯಲಯದಲ್ಲೇ ಹಿಡಿದು ಸ್ವರಗಳನ್ನು ಹೆಣೆಯುತ್ತ ಹೋಗುತ್ತಾರೆ. ಅವರಿಗೆ ಇಡೀ ಪ್ಲೇಟೇ ಇಕ್ಕಟ್ಟು.

ಹೀಗೆ ನನ್ನ ಒಂಬತ್ತು ಕಾಲಂ ಎರಡಕ್ಕೆ ಇಳಿದವು. ಒಳಸುತ್ತಿನಲ್ಲಿ ತಿರುವು ಹಿಡಿಯುವ ಮೊನೆ. ಸವೆದ ಗೆರೆಯ ಜೊತೆ ಬಾಳುವೆ.

ಎರಡಕ್ಕೂ ಉತ್ತರ ಮೊನೆಯ ಆಕಾರದಲ್ಲೇ ಇದೆ. ಕಾರ್ಟ್ರಿಜ್‌ನ ಮಿಕ್ಕ ಭಾಗದ ಬಗ್ಗೆ ಬರೆಯುವ ವರ್ಣನೆಗಳಲ್ಲಿ ಮುಕ್ಕಾಲು ಪಾಲು ಕಾವ್ಯ. ಗುಂಡುಮೊನೆ ಬಿಟ್ಟರೆ ಮೊಟ್ಟೆಯಾಕಾರದ ಎಲಿಪ್ಟಿಕಲ್, ಅದರ ಪಕ್ಕದ ಅಂಚು 7-8 ಮೈಕ್ರಾನ್. ಅಲ್ಲಿಂದ ಮುಂದೆ ಶಿಬಾಟಾ: ಎಪ್ಪತ್ತರ ದಶಕದ ಮೊದಲಿಗೆ ಜಪಾನಿನ ಜೆವಿಸಿ ಕಂಪನಿ ನಾಲ್ಕು ಚಾನೆಲ್ಲಿನ ರೆಕಾರ್ಡು ತಂದಾಗ ಅದನ್ನು ಓದಲೆಂದು ಅಲ್ಲಿನ ಇಂಜಿನಿಯರ್ ನೊರಿಯೊ ಶಿಬಾಟಾ ರೂಪಿಸಿದ್ದು. ಆ ರೆಕಾರ್ಡು ಉಳಿಯಲಿಲ್ಲ, ಮೊನೆ ಉಳಿಯಿತು. ಅದಕ್ಕೂ ತೆಳ್ಳಗಿನದು ಮೈಕ್ರೋಲೀನಿಯರ್. ಓದುವ ಅಂಚು ಬರೀ 3 ಮೈಕ್ರಾನ್, ಆದರೆ ಗೆರೆಯ ಗೋಡೆಯನ್ನು ಮೇಲಿಂದ ಕೆಳಕ್ಕೆ ಉದ್ದಕ್ಕೆ ತಬ್ಬುತ್ತದೆ. ನನಗೆ ಬೇಕಾದ ಸಂಗತಿ ಇದೇ. ಅಪ್ಪನ ಗುಂಡುಮುಳ್ಳು ಗೋಡೆಯ ಒಂದು ಎತ್ತರದಲ್ಲಿ ಮಾತ್ರ ತಾಗಿ ಅಲ್ಲೇ ಸವೆಸಿದೆ. ಉದ್ದನೆಯ ಮೊನೆ ಅದರ ಮೇಲೆ ಕೆಳಗೆ, ಅಪ್ಪ ಮುಟ್ಟದೆ ಉಳಿದ ಗೋಡೆಯನ್ನೂ ಮುಟ್ಟುತ್ತದೆ. ಅಲ್ಲಿ ಹಾಡು ಇನ್ನೂ ಹಾಗೇ ಇರಬಹುದು. ಇರಬಹುದು ಅಷ್ಟೆ, ತಳದಲ್ಲಿ ಕೂತ ಐವತ್ತು ವರ್ಷದ ಕೊಳೆಯನ್ನೂ ಅದು ಓದಬಹುದು. ಪ್ರತಿ ರೆಕಾರ್ಡೂ ಒಂದೊಂದು ಜಾತಕ.

ಮನಸ್ಸು ಎಳೆದದ್ದು ಮಾತ್ರ ಡೆನನ್ ಡಿಎಲ್-103ರ ಕಡೆಗೆ. ಜಪಾನಿನ ಆಕಾಶವಾಣಿ ಎನ್‌ಎಚ್‌ಕೆಗಾಗಿ 1964ರಲ್ಲಿ ಮಾಡಿದ್ದು, ಇಂದಿಗೂ ಬರುತ್ತಿದೆ. ಅದರ ದನಿಯಲ್ಲಿ ಒಂದು ತುಂಬುತನವಿದೆ. ಧಾರವಾಡ ಆಕಾಶವಾಣಿಯನ್ನು ವಾಲ್ವ್ ರೇಡಿಯೋದಲ್ಲಿ ಕೇಳಿ ಬೆಳೆದವರಿಗೆ ಅದು ಮನೆಯ ದನಿ. ಪುಣೆಯ ಗೆಳೆಯನ ಮನೆಯಲ್ಲಿ ಅದರಲ್ಲಿ ಗಂಗೂಬಾಯಿಯವರನ್ನು ಕೇಳಿ ಎದ್ದು ಬರಲು ಮನಸ್ಸಾಗಲಿಲ್ಲ. ಆದರೆ ಅದು ಗುಂಡುಮೊನೆ. ಅಪ್ಪ ಸವೆಸಿದ ದಾರಿಯಲ್ಲೇ ಮತ್ತೆ ಓಡುತ್ತದೆ. ಅದರಲ್ಲಿ ಅಲುಗುವುದು ಅಯಸ್ಕಾಂತವಲ್ಲ, ತಂತಿಸುರುಳಿ. ಆದ್ದರಿಂದ ಹೊರಬರುವುದು 0.3 ಮಿಲಿವೋಲ್ಟ್, ಅದಕ್ಕೆ ಬೇರೆ ಆಂಪ್ಲಿಫೈಯರ್ ಬೇಕು. ಮುಳ್ಳು ಸವೆದರೆ ಮನೆಯಲ್ಲಿ ಬದಲಿಸುವಂತಿಲ್ಲ, ಇಡೀ ಕಾರ್ಟ್ರಿಜ್ಜೇ ಹೋಗಬೇಕು. ಸಿಲ್ಲೋಡಿನಲ್ಲಿ ಕೂತವನಿಗೆ ಇದು ಸಣ್ಣ ಮಾತಲ್ಲ. ಇಲ್ಲಿ ಪೇಟೆಯಲ್ಲಿ ಹತ್ತಿ ಸಿಗುತ್ತದೆ, ಮೆಕ್ಕೆಜೋಳ ಸಿಗುತ್ತದೆ, ಕಣ್ಣಲ್ಲಿ ನೀರು ತರಿಸುವ ಹಸಿಮೆಣಸಿನಕಾಯಿ ಸಿಗುತ್ತದೆ; ವಜ್ರದ ಮುಳ್ಳು ಸಿಗುವುದಿಲ್ಲ.

ಕೊನೆಗೆ ಕೊಂಡದ್ದು ಆಡಿಯೊ-ಟೆಕ್ನಿಕಾ ವಿಎಂ95 ಸರಣಿಯ ಮೈಕ್ರೋಲೀನಿಯರ್. ಈ ಸರಣಿಯ ಗುಣವೆಂದರೆ ಮೇಲಿನ ಡಬ್ಬಿ ಒಂದೇ. ಗುಂಡುಮೊನೆ, ಎಲಿಪ್ಟಿಕಲ್, ಮೈಕ್ರೋಲೀನಿಯರ್, ಶಿಬಾಟಾ, ಕೊನೆಗೆ 78ರ ದಪ್ಪಮುಳ್ಳು ಕೂಡ ಅದೇ ಡಬ್ಬಿಗೆ ಕೂರುತ್ತದೆ. ಇನ್ನೊಂದು ಸಂಗತಿ ಕಂಪನಿಯೇ ಹೇಳುವ ಆಯುಷ್ಯ: ಎಲಿಪ್ಟಿಕಲ್ಲಿಗೆ 300 ತಾಸು, ಮೈಕ್ರೋಲೀನಿಯರಿಗೆ 1,000. "ಎಷ್ಟು ದಿನ ಬರತೈತಿ ಇದು?" ಅಂತ ಅವ್ವ ಕೇಳಿದಳು. ದಿನಾ ಒಂದು ತಾಸು ಹಚ್ಚಿದರೆ ಮೂರು ವರ್ಷಕ್ಕೆ ಹತ್ತಿರ ಅಂದೆ. ಬೆರಳು ಮಡಚಿ ಏನೋ ಲೆಕ್ಕ ಹಾಕಿ, "ಆತು, ಸಾಕು" ಅಂದಳು. ನಾನು ಸ್ಕ್ರೂಡ್ರೈವರ್ ಹುಡುಕುವ ನೆಪದಲ್ಲಿ ಒಳಗೆ ಹೋದೆ.

ಕೊಳ್ಳುವ ಮುಂಚೆ ಎಲ್ಲರೂ ಹಾಕಲೇಬೇಕಾದ ಲೆಕ್ಕ ಒಂದಿದೆ. ತೋಳಿನ ತೂಕವೂ ಮುಳ್ಳಿನ ಕಡ್ಡಿಯ ಮೆತ್ತಗೂ ಸೇರಿ ಒಂದು ಜೋಕಾಲಿ ಆಗುತ್ತದೆ. ಅದು ತಾನಾಗಿ ತೂಗುವ ಕಂಪನ 8ರಿಂದ 12 ಹರ್ಟ್ಜ್ ನಡುವೆ ಬೀಳಬೇಕು. ಕೆಳಗೆ ಬಿದ್ದರೆ ಸೊಟ್ಟಗಾದ ರೆಕಾರ್ಡು, ಹೆಜ್ಜೆ ಸಪ್ಪಳ ಅದನ್ನು ಕುಣಿಸುತ್ತವೆ, ಮೇಲೆ ಹೋದರೆ ಸಂಗೀತಕ್ಕೇ ತಗಲುತ್ತದೆ. ನನ್ನ ತೋಳು 12 ಗ್ರಾಂ, ಕಾರ್ಟ್ರಿಜ್ 6, ಸ್ಕ್ರೂಗಳು 1. ಕಡ್ಡಿಯ ಮೆತ್ತಗು 17 ಅಂತ ಹಿಡಿದರೆ ಎರಡನ್ನೂ ಗುಣಿಸಿ, ವರ್ಗಮೂಲ ತೆಗೆದು, ಅದರಿಂದ 159ನ್ನು ಭಾಗಿಸಿದರೆ ಸುಮಾರು 9. ಸರಿಹೋಯಿತು. ಜಪಾನಿನವರು ಮೆತ್ತಗನ್ನು 100 ಹರ್ಟ್ಜಿನಲ್ಲಿ ಅಳೆದು ಬರೆಯುತ್ತಾರೆ, ಈ ಲೆಕ್ಕಕ್ಕೆ ಅದನ್ನು ಒಂದೂವರೆಯಿಂದ ಎರಡು ಪಟ್ಟು ಮಾಡಿಕೊಳ್ಳಬೇಕು. ಇದು ತಿಳಿಯದೆ ಒಳ್ಳೆಯ ಕಾರ್ಟ್ರಿಜ್‌ಗಳನ್ನು ಬೇಡವೆಂದವರು ಬಹಳ. ಇನ್ನೊಂದು: ಆ ಮೆತ್ತಗು ಬರುವುದು ಒಂದು ಚಿಟಿಕೆ ರಬ್ಬರಿನಿಂದ, ರಬ್ಬರು ಸೆಖೆಗೆ ಮೆದುವಾಗುತ್ತದೆ. ಇಲ್ಲಿಯ ಮೇ ತಿಂಗಳು ನಲವತ್ತು ದಾಟುತ್ತದೆ. ಬೇಸಿಗೆಯಲ್ಲಿ ನಮ್ಮ ಕಚೇರಿ ರಾತ್ರಿ ಒಂಬತ್ತರ ಮೇಲೆ, ಎಸಿ ಇರುವ ಕೋಣೆಯಲ್ಲಿ.

ಕೂರಿಸುವುದರಲ್ಲೂ ಖಯಾಲ್ ಕೇಳುವವರಿಗೊಂದು ಕಿವಿಮಾತು. ತೋಳು ಕಮಾನಿನಲ್ಲಿ ಚಲಿಸುವುದರಿಂದ ಮುಳ್ಳು ಗೆರೆಗೆ ಪೂರ್ತಿ ನೇರವಾಗುವುದು ಎರಡೇ ಕಡೆ. ಆ ಎರಡು ಎಲ್ಲಿರಬೇಕು ಅನ್ನುವುದಕ್ಕೆ ಬೇರೆ ಬೇರೆ ಲೆಕ್ಕಗಳಿವೆ. 1941ರ ಬೇರ್‌ವಾಲ್ಡ್ ಲೆಕ್ಕದಲ್ಲಿ ನಡುವಿನಿಂದ 66 ಮತ್ತು 121 ಮಿಲಿಮೀಟರಿನಲ್ಲಿ, 1966ರ ಸ್ಟೀವನ್‌ಸನ್ ಲೆಕ್ಕದಲ್ಲಿ 60.3 ಮತ್ತು 117.4ರಲ್ಲಿ. ಬೇರ್‌ವಾಲ್ಡ್ ತಪ್ಪನ್ನು ಎಲ್ಲ ಕಡೆ ಸಮನಾಗಿ ಹಂಚುತ್ತಾನೆ. ಸ್ಟೀವನ್‌ಸನ್ ಕೊನೆಯ ಗೆರೆಯನ್ನು ಕಾಪಾಡಿ ನಡುವಿನಲ್ಲಿ ಸ್ವಲ್ಪ ಬಿಟ್ಟುಕೊಡುತ್ತಾನೆ. ಹೆಚ್ಚಿನವರು ಬೇರ್‌ವಾಲ್ಡನ ಶಿಷ್ಯರು. ನಾನು ಸ್ಟೀವನ್‌ಸನ್ನನಿಗೆ ಒಲಿದೆ, ಕಾರಣ ಹೇಳಬೇಕಾಗಿಲ್ಲ.

ಚಟಪಟಕ್ಕೆ ಮದ್ದು ಅರ್ಧ ಕಾರ್ಟ್ರಿಜ್ಜಿನಲ್ಲಿ, ಅರ್ಧ ಬಚ್ಚಲಲ್ಲಿ. ಹತ್ತಿಯ ಸುಗ್ಗಿಯಲ್ಲಿ ಇಲ್ಲಿಯ ಗಾಳಿಯಲ್ಲೇ ಅರಳೆ ಹಾರುತ್ತಿರುತ್ತದೆ. ಎಲ್‌ಪಿಗಳನ್ನೆಲ್ಲ ಬ್ಯಾಟರಿ ಅಂಗಡಿಯ ಡಿಸ್ಟಿಲ್ಡ್ ನೀರಿಗೆ ಚೂರು ಐಸೊಪ್ರೊಪೈಲ್ ಬೆರೆಸಿ ತೊಳೆದೆ. (78ರ ಪ್ಲೇಟಿಗೆ ಆಲ್ಕೊಹಾಲ್ ತಾಗಿಸಬೇಡಿ, ಅರಗು ಕರಗಿ ಹೋಗುತ್ತದೆ.) ಮತ್ತೆ ಪುಕ್ಕಟೆಯ ಉಪಾಯ ಒಂದು: ಜಾಕೆಟ್ಟಿನ ಮೇಲೆ ನಂಬರಿನ ಮುಂದೆ ಇಎಎಲ್‌ಪಿ ಅಂತಿದ್ದರೆ ಅದು ಮೊನೊ, ಇಎಎಸ್‌ಡಿ ಅಂತಿದ್ದರೆ ಸ್ಟೀರಿಯೊ. ಮೊನೊ ರೆಕಾರ್ಡಿನಲ್ಲಿ ಹಾಡು ಇರುವುದು ಅಡ್ಡ ಅಲುಗಾಟದಲ್ಲಿ ಮಾತ್ರ. ಮೇಲೆ ಕೆಳಗೆ ಕುಲುಕುವುದೆಲ್ಲ ಧೂಳು, ಗೀರು. ಆಂಪ್ಲಿಫೈಯರಿನ ಮೊನೊ ಸ್ವಿಚ್ ಒತ್ತಿ ಎರಡು ಚಾನೆಲ್ ಕೂಡಿಸಿದರೆ ಆ ಕುಲುಕಾಟ ಒಂದಕ್ಕೊಂದು ಹೊಡೆದು ಅಳಿಯುತ್ತದೆ. ಅವ್ವನ ಮೊದಲ ದೂರಿಗೆ ಇಪ್ಪತ್ತು ಸಾವಿರಕ್ಕಿಂತ ಹೆಚ್ಚು ನೆರವಾದದ್ದು ಈ ಸ್ವಿಚ್ಚೇ ಇರಬೇಕು.

ಫಲಿತಾಂಶ ಏಕರೂಪವಾಗಿಲ್ಲ. ಭೀಮಸೇನರ ಎರಡು ರೆಕಾರ್ಡುಗಳ ಕೊನೆ ಪೂರ್ತಿ ಬಿಡಿಸಿಕೊಂಡಿತು. ತಾನಿನ ಒಂದೊಂದು ಮಣಿ ಬೇರೆ ಬೇರೆ. ಮನಸೂರರ ಒಂದರಲ್ಲಿ ಕಡೆಯ ಸುತ್ತಿನ ತನಕ ತಂಬೂರಿ ಜೊತೆಗೇ ಬಂತು. ಅವ್ವ ಕುರ್ಚಿಯ ಕೈ ಮೇಲೆ ನಾಲ್ಕು ಬೆರಳು ಒಂದೊಂದಾಗಿ ಮೀಟುತ್ತ ಕೂತಿದ್ದಳು, ತೋಳು ಎದ್ದ ಮೇಲೂ ಎರಡು ಸುತ್ತು ಮೀಟಿದಳು. ಗಂಗೂಬಾಯಿಯವರ ಒಂದು ಬದಿ ಮುಂಚಿಗಿಂತ ಕೆಟ್ಟು ಕೇಳುತ್ತದೆ. ತಳದ ಕೊಳೆ ಏಳಲೊಲ್ಲದು, ಇನ್ನೆರಡು ಸಲ ತೊಳೆದು ನೋಡಬೇಕು. ಅಪ್ಪ ಎಲ್ಲಕ್ಕಿಂತ ಹೆಚ್ಚು ಹಚ್ಚಿದ ಮನಸೂರರ ಇನ್ನೊಂದು ರೆಕಾರ್ಡು ಮಾತ್ರ ಏನು ಮಾಡಿದರೂ ಬರಲಿಲ್ಲ. ಗೋಡೆಯಲ್ಲಿ ಮುಟ್ಟದೆ ಉಳಿದ ಜಾಗವೇ ಇಲ್ಲ. ಕೊನೆಯ ಒಂದಿಂಚು ಬರೀ ಗರಗಸ. ಅದು ಮುಗಿಯುವ ತನಕ ಅವ್ವ ಕಿವಿಯ ಯಂತ್ರ ತೆಗೆಯದೆ ಕೂತು ಕೇಳಿ, "ಇದರಾಗ ನಿಮ್ಮಪ್ಪನ ಅದಾನ, ತೆಗೆದಿಡು" ಅಂದಳು. ಆ ಮಧ್ಯೆ ಮಾಸ್ತರರು ಚಹಾ ಕುಡಿದು ಹೊರಟಿದ್ದರು, ಏನಂದರು ಕಾಕೂ ಅಂತ ಬಾಗಿಲಲ್ಲಿ ಕೇಳಿದರು. ನಾನು ಮರಾಠಿಯಲ್ಲಿ ಹೇಳಲು ಹೋಗಿ ಬಿಟ್ಟೆ.

78ರ ಪ್ಲೇಟುಗಳಿಗೆ ಬೇರೆ ಮುಳ್ಳು ಬೇಕು, ಗೆರೆ ಅಗಲ, ಮೊನೆ 76 ಮೈಕ್ರಾನ್ ದಪ್ಪ, ಭಾರ ಐದು ಗ್ರಾಂ. ಮೈಕ್ರೋಲೀನಿಯರನ್ನು ಅದರಲ್ಲಿಳಿಸಿದರೆ ತಳದಲ್ಲಿ ಉರುಳಾಡಿ ಮುರಿದೇ ಹೋದೀತು. ಅವುಗಳಲ್ಲಿ ಗಂಗೂಬಾಯಿಯವರ ಮೂವತ್ತರ ದಶಕದ್ದೊಂದಿದೆ, ಆಗಿನ್ನೂ ಲೇಬಲ್ಲಿನ ಮೇಲೆ ಗಾಂಧಾರಿ ಅಂತ ಹೆಸರು. ದನಿ ಗಡುಸಾಗುವುದಕ್ಕೆ ಮುಂಚಿನ ಎಳೆಯ ಗಂಗೂಬಾಯಿ. ಅವ್ವ ಅದನ್ನು ತವರಿನಲ್ಲಿ ಹುಡುಗಿಯಾಗಿದ್ದಾಗ ಕೇಳಿದ್ದು, ಮದುವೆಯಾದ ಮೇಲೆ ಕೇಳಿಲ್ಲ. ಅಪ್ಪನ ಪ್ಲೇಯರಿನ 78ರ ಮುಳ್ಳು ಮುಂಚೆಯೇ ಮುರಿದಿತ್ತು. ದಪ್ಪಮುಳ್ಳಿಗೆ ಆರ್ಡರ್ ಹಾಕಿದ್ದೇನೆ. ಮುಂಬಯಿಗೆ ಬಂದಿದೆಯಂತೆ, ಸಿಲ್ಲೋಡ್ ಮುಟ್ಟಲು ಇನ್ನೂ ನಾಲ್ಕು ದಿನ.